ಅರಳುಮರಳು

‘ಅರವತ್ತಕ್ಕೆ ಅರಳುಮರಳು’ ಎಂಬ ಮಾತನ್ನು ಕೇಳದವರು ಕನ್ನಡ ನಾಡಿನಲ್ಲಿ ವಿರಳ. ಮನೆಯ ಹಿರಿಯರೊಬ್ಬರು ಕನ್ನಡಕವನ್ನು ಹಣೆಯ ಮೇಲೇರಿಸಿಕೊಂಡು ಅದನ್ನೇ ಮೂಲೆಮೂಲೆಯಲ್ಲಿ ಹುಡುಕುತ್ತಿದ್ದರೆ ಮೊಮ್ಮಕ್ಕಳು ನಗುತ್ತ ಈ ಮಾತನ್ನಾಡುತ್ತಾರೆ. ಹಿರಿಯರೂ ಅವರೊಡನೆ ಸೇರಿ ನಗುತ್ತಾರೆ. ಮಾತಿನಲ್ಲಿ ವಾತ್ಸಲ್ಯವುಂಟು. ವರಕವಿ ಬೇಂದ್ರೆಯವರು ತಮ್ಮ ಕವನಸಂಗ್ರಹವೊಂದಕ್ಕೆ ಇದೇ ಪದವನ್ನು ಹೆಸರಾಗಿ ಇಟ್ಟರು. 1958ರಲ್ಲಿ ಆ ಕೃತಿಗೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ದೊರೆಯಿತು. ಮರಳಿ ಅರಳುವುದು ಎಂಬ ಚೆಲುವಾದ ಅರ್ಥವನ್ನೂ ಓದುಗರು ಆ ಹೆಸರಿನಲ್ಲಿ ಕಂಡರು.

ಆದರೆ ಈ ಮಾತು ಎಲ್ಲ ವೇಳೆಯಲ್ಲಿಯೂ ನಗುವಿನ ಮಾತಾಗಿ ಉಳಿಯುವುದಿಲ್ಲ. ಕನ್ನಡಕ ಎಲ್ಲಿದೆಯೆಂಬುದನ್ನು ಮರೆಯುವುದು ಒಂದು ಬಗೆ. ಕನ್ನಡಕ ಏತಕ್ಕೆ ಎಂಬುದನ್ನೇ ಮರೆಯುವುದು ಮತ್ತೊಂದು ಬಗೆ. ಮೊದಲನೆಯದು ಮುಪ್ಪಿನ ಸಹಜ ಮರೆವು, ಎರಡನೆಯದು ರೋಗದ ಲಕ್ಷಣ. ನಲವತ್ತು ವರ್ಷ ನಡೆದಾಡಿದ ದಾರಿಯಲ್ಲಿ ಮನೆ ತಪ್ಪುವುದು, ಹೆತ್ತ ಮಗನನ್ನು ಕಂಡು ‘ನೀವು ಯಾರು?’ ಎಂದು ಕೇಳುವುದು, ಸೀರೆ ಉಡುವ ಕ್ರಮವೇ ತೋಚದೆ ನಿಂತುಬಿಡುವುದು, ಇವೆಲ್ಲ ವಯಸ್ಸಿನ ಪರಿಣಾಮವೆಂದು ಹೇಳಿ ಸುಮ್ಮನಾಗುವುದು ಸರಿಯಲ್ಲ. ಅರವತ್ತು ದಾಟಿದವರಲ್ಲಿ ಬಹುಪಾಲು ಜನರಿಗೆ ಹೀಗಾಗುವುದಿಲ್ಲ. ಯಾರಿಗೆ ಆಗುತ್ತದೆಯೋ ಅವರ ಮೆದುಳಿಗೆ ರೋಗ ತಗಲಿದೆ ಎಂದೇ ತಿಳಿಯಬೇಕು. ವೈದ್ಯರು ಇದನ್ನು ಡಿಮೆನ್ಷಿಯ ಎನ್ನುತ್ತಾರೆ. ಕನ್ನಡದಲ್ಲಿ ಮರೆಗುಳಿ ರೋಗವೆಂಬ ಹೆಸರು ಬಳಕೆಗೆ ಬಂದಿದೆ.

1901ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ಮಾನಸಿಕ ಆಸ್ಪತ್ರೆಗೆ 51 ವರ್ಷದ ಮಹಿಳೆಯೊಬ್ಬಳನ್ನು ಆಕೆಯ ಗಂಡ ಕರೆತಂದನು. ಆಕೆಗೆ ತನ್ನ ಹೆಸರನ್ನು ಪೂರ್ತಿಯಾಗಿ ಬರೆಯಲೂ ಆಗುತ್ತಿರಲಿಲ್ಲ. ಅಲ್ಲಿ ವೈದ್ಯನಾಗಿದ್ದ ಅಲೋಯಿಸ್ ಆಲ್‌ಝೈಮರ್ ಆಕೆಯ ನಡೆನುಡಿಗಳನ್ನು ಎಚ್ಚರದಿಂದ ಬರೆದಿಟ್ಟನು. 1906ರಲ್ಲಿ ಆಕೆ ತೀರಿಕೊಂಡ ಮೇಲೆ ಆಕೆಯ ಮೆದುಳನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ, ನರಕೋಶಗಳ ನಡುವೆ ವಿಚಿತ್ರವಾದ ಜಿಗುಟು ಕಲೆಗಳನ್ನೂ ಕೋಶಗಳ ಒಳಗೆ ಸಿಕ್ಕುಗಟ್ಟಿದ ಎಳೆಗಳನ್ನೂ ಕಂಡನು. ಅದೇ ವರ್ಷ ವಿದ್ವಾಂಸರ ಸಭೆಯೊಂದರಲ್ಲಿ ಆತ ಈ ವಿಷಯವನ್ನು ವಿವರಿಸಿದಾಗ ಕೇಳಿದವರಲ್ಲಿ ಹೆಚ್ಚಿನ ಆಸಕ್ತಿಯೇನೂ ಹುಟ್ಟಲಿಲ್ಲವಂತೆ. ಇಂದು ಮರೆಗುಳಿ ರೋಗದ ಅತಿ ಸಾಮಾನ್ಯವಾದ ಬಗೆಗೆ ಆತನ ಹೆಸರೇ ನಿಂತಿದೆ.

ಈ ರೋಗದ ಗತಿಯನ್ನು ತಿಳಿಯಲು ಚಿತ್ರದುರ್ಗದ ಸೀಮೆಯ ಮಕ್ಕಳಿಗೆ ಕೆರೆಯೇ ಒಳ್ಳೆಯ ಉದಾಹರಣೆ. ಬೇಸಗೆಯಲ್ಲಿ ಕೆರೆ ಬತ್ತುವಾಗ ಅಂಚಿನ ನೀರು ಮೊದಲು ಆರುತ್ತದೆ. ತೂಬಿನ ಬಳಿಯ ಆಳದ ನೀರು ಕಡೆಯವರೆಗೂ ಉಳಿಯುತ್ತದೆ. ಹಾಗೆಯೇ ರೋಗಿಗೆ ಇಂದಿನ ಬೆಳಗು ಮೊದಲು ಮರೆಯುತ್ತದೆ. ಬಾಲ್ಯದ ನೆನಪು, ಮದುವೆಯ ದಿನ, ಬೀಸುವಾಗ ಹಾಡಿದ ಪದ ಬಹುಕಾಲ ಉಳಿಯುತ್ತವೆ. ಆಲ್‌ಝೈಮರನ ರೋಗವಲ್ಲದೆ, ರಕ್ತದ ಒತ್ತಡ ಏರಿ ಮೆದುಳಿನ ರಕ್ತನಾಳಗಳು ಕೆಡುವುದರಿಂದಲೂ ಮರೆಗುಳಿತನ ಉಂಟಾಗುತ್ತದೆ. ಇವನ್ನು ಪೂರ್ಣವಾಗಿ ಗುಣಪಡಿಸುವ ಔಷಧ ಇನ್ನೂ ದೊರೆತಿಲ್ಲ. ಆದರೂ ವೈದ್ಯರ ಬಳಿಗೆ ಹೋಗುವುದು ವ್ಯರ್ಥವೆಂದು ಭಾವಿಸಬಾರದು. ಥೈರಾಯ್ಡ್ ಗ್ರಂಥಿಯ ದೌರ್ಬಲ್ಯ, ಬಿ-12 ಜೀವಸತ್ವದ ಕೊರತೆ, ಮನಸ್ಸಿನ ಖಿನ್ನತೆ ಇವೂ ಮರೆಗುಳಿ ರೋಗದಂತೆಯೇ ತೋರುತ್ತವೆ, ಇವುಗಳಿಗೆ ಚಿಕಿತ್ಸೆಯುಂಟು. ಅರಳುಮರಳೆಂದು ಮನೆಯಲ್ಲೇ ಕೂಡಿಸಿದ ಅಜ್ಜಿಗೆ ನಿಜವಾಗಿ ಬೇಕಾಗಿದ್ದುದು ಕೆಲವು ತಿಂಗಳ ಮಾತ್ರೆಯಷ್ಟೇ ಆಗಿರಬಹುದು.

ಹೊಳಲ್ಕೆರೆಯ ಕಡೆಯ ಅಡಿಕೆ ತೋಟದ ಮನೆಯೊಂದನ್ನು ಕಲ್ಪಿಸಿಕೊಳ್ಳಬಹುದು. ಇದು ಯಾವ ಒಂದು ಮನೆಯ ಕಥೆಯೂ ಅಲ್ಲ. ಇಂಥ ಮನೆಗಳು ಹಿರಿಯೂರು, ಹೊಸದುರ್ಗಗಳ ಕಡೆಯೂ ಉಂಟು. ಮನೆಯಲ್ಲಿ ಅತ್ತೆ, ಮಗ, ಸೊಸೆ, ಇಬ್ಬರು ಮಕ್ಕಳು. ಎಪ್ಪತ್ತು ದಾಟಿದ ಅತ್ತೆ ಮೊದಮೊದಲು ಸಾರಿಗೆ ಎರಡು ಸಲ ಉಪ್ಪು ಹಾಕಿದರು. ಆಮೇಲೆ ಪಿಂಚಣಿಯ ಹಣವನ್ನು ಅಕ್ಕಿಯ ಡಬ್ಬಿಯಲ್ಲಿ ಬಚ್ಚಿಟ್ಟು ಕಳವಾಯಿತೆಂದು ಕೂಗಾಡಿದರು. ಈಗ ಹೊತ್ತು ಮುಳುಗುತ್ತಿದ್ದಂತೆಯೇ ಸೆರಗು ಸರಿಪಡಿಸಿಕೊಂಡು, ‘ಅವ್ವ ಕಾಯ್ತಿರ್ತಾಳೆ, ಊರಿಗೆ ಹೋಗ್ತೀನಿ’ ಎಂದು ಹೊರಡುತ್ತಾರೆ. ಆ ಅವ್ವ ತೀರಿಕೊಂಡು ಮೂವತ್ತು ವರ್ಷಗಳಾಗಿವೆ. ನೆರೆಯಾಕೆ ಬಂದಾಗ, ‘ಬೆಳಗಿನಿಂದ ಒಂದು ತುತ್ತು ಹಾಕಿಲ್ಲ ನೋಡು ತಾಯಿ’ ಎಂದು ಕಣ್ಣೀರು ಹಾಕುತ್ತಾರೆ. ‘ಅತ್ತೆ, ಈಗ ತಾನೇ ಮುದ್ದೆ ಉಂಡಿರಲ್ಲ’ ಎಂದು ಸೊಸೆ ಹೇಳಿದರೆ ನೆರೆಯಾಕೆ ನಂಬುವುದು ಅತ್ತೆಯ ಕಣ್ಣೀರನ್ನೇ. ಅತ್ತೆ ಸುಳ್ಳು ಹೇಳಿದವರಲ್ಲ. ಉಂಡ ನೆನಪು ಅವರಲ್ಲಿ ಉಳಿದಿಲ್ಲ. ಆದರೆ ಊರಿನ ಬಾಯಲ್ಲಿ ಸೊಸೆ ಕೆಟ್ಟವಳಾದಳು.

ರೋಗ ಮುಂದುವರಿದಂತೆ ಸೊಸೆಯ ಕೆಲಸ ಬೆಳೆಯುತ್ತದೆ. ಸ್ನಾನ ಮಾಡಿಸಬೇಕು, ತಿನ್ನಿಸಬೇಕು, ಬಟ್ಟೆ ಬದಲಿಸಬೇಕು, ರಾತ್ರಿ ಎದ್ದು ತೋಟದ ಬಾವಿಯ ಕಡೆ ಹೋಗದಂತೆ ಕಾಯಬೇಕು. ಒಂದೇ ಪ್ರಶ್ನೆಗೆ ದಿನಕ್ಕೆ ನೂರು ಸಲ ಉತ್ತರ ಕೊಡಬೇಕು. ನೂರನೆಯ ಸಲವೂ ಸಿಟ್ಟಾಗಬಾರದು. ಗಂಡಸರು ಪೇಟೆಗೂ ತೋಟಕ್ಕೂ ಹೋಗಿಬರುತ್ತಾರೆ. ಈಕೆಗೆ ಹೊಸ್ತಿಲು ದಾಟುವ ಹಾಗಿಲ್ಲ. ಕೂಲಿಗೆ ಹೋಗುತ್ತಿದ್ದವಳಾದರೆ ಕೂಲಿಯೂ ನಿಂತಿತು. ಎಷ್ಟೋ ಮನೆಗಳಲ್ಲಿ ಸೊಸೆಯ ಬದಲು ಮುದುಕಿಯಾದ ಹೆಂಡತಿಯೇ ಮುದುಕನಾದ ಗಂಡನನ್ನು ಎತ್ತಿ ಕೂರಿಸುತ್ತಾಳೆ. ಕೆಲವೆಡೆ ಒಂಬತ್ತನೆಯ ತರಗತಿಯ ಹುಡುಗಿ ವಾರಕ್ಕೆರಡು ದಿನ ಶಾಲೆ ಬಿಟ್ಟು ಅಜ್ಜಿಯ ಬಳಿ ಕೂರುತ್ತಾಳೆ. ಆರೈಕೆ ಮಾಡುವವರೇ ನಿದ್ದೆಗೆಟ್ಟು, ಖಿನ್ನರಾಗಿ, ರೋಗಿಗಳಾಗುವುದೂ ಸಾಮಾನ್ಯ. ಒಂದು ರೋಗಕ್ಕೆ ಇಬ್ಬರು ರೋಗಿಗಳು ಎಂದರೆ ತಪ್ಪಾಗಲಾರದು.

ಇಂಥ ಮನೆಗಳು ಎಷ್ಟಿರಬಹುದು? ಅರವತ್ತು ದಾಟಿದವರ ಮೇಲೆ ಭಾರತದಾದ್ಯಂತ ನಡೆದ ದೊಡ್ಡ ಅಧ್ಯಯನವೊಂದರ ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ಅರವತ್ತು ದಾಟಿದ ನೂರು ಮಂದಿಯಲ್ಲಿ 7.4 ಮಂದಿಗೆ ಈ ರೋಗವಿದೆ. ದೇಶದಲ್ಲಿ ಒಟ್ಟು 88 ಲಕ್ಷ ಜನ. ಪಟ್ಟಣಗಳಿಗಿಂತ ಹಳ್ಳಿಗಳಲ್ಲಿಯೂ, ಗಂಡಸರಿಗಿಂತ ಹೆಂಗಸರಲ್ಲಿಯೂ ಪ್ರಮಾಣ ಹೆಚ್ಚು. 2011ರ ಜನಗಣತಿಯಲ್ಲಿ ಚಿತ್ರದುರ್ಗ ಜಿಲ್ಲೆಯ ಜನಸಂಖ್ಯೆ 16,59,456. ಅವರಲ್ಲಿ ನೂರಕ್ಕೆ ಎಂಬತ್ತು ಮಂದಿ ಹಳ್ಳಿಗರು. ನೂರರಲ್ಲಿ ಹತ್ತು ಮಂದಿ ಅರವತ್ತು ದಾಟಿದವರೆಂದು ಹಿಡಿದು ಅದೇ ಪ್ರಮಾಣವನ್ನು ಅನ್ವಯಿಸಿದರೆ, ಜಿಲ್ಲೆಯಲ್ಲಿ ಸುಮಾರು ಹನ್ನೆರಡು ಸಾವಿರ ರೋಗಿಗಳಿದ್ದಾರೆಂಬ ಲೆಕ್ಕ ಬರುತ್ತದೆ. ಇದು ಅಂದಾಜು ಮಾತ್ರ. ಮನೆಮನೆ ಎಣಿಸಿ ಬರೆದ ಸಂಖ್ಯೆಯಲ್ಲ.

ಎಣಿಕೆಯ ಪ್ರಶ್ನೆ ಕೇವಲ ಗಣಿತದ ಪ್ರಶ್ನೆಯಲ್ಲ. ಸರ್ಕಾರದ ಹಣ ಹರಿಯುವ ಕಾಲುವೆಗೆ ಎಣಿಕೆಯೇ ತೂಬು. ರಾಷ್ಟ್ರೀಯ ಆರೋಗ್ಯ ಅಭಿಯಾನದಡಿ ಕರ್ನಾಟಕದಂಥ ರಾಜ್ಯದಲ್ಲಿ ನೂರು ರೂಪಾಯಿ ವೆಚ್ಚವಾಗುವಲ್ಲಿ ಅರವತ್ತನ್ನು ಕೇಂದ್ರವೂ ನಲವತ್ತನ್ನು ರಾಜ್ಯವೂ ಕೊಡುತ್ತವೆ. ಯಾವ ಕೆಲಸಕ್ಕೆ ಎಷ್ಟು ಬೇಕೆಂದು ಜಿಲ್ಲೆಗಳು ತಿಳಿಸಬೇಕು, ರಾಜ್ಯ ಅದನ್ನು ಒಟ್ಟುಗೂಡಿಸಿ ಯೋಜನೆಯಾಗಿ ಕಳುಹಿಸಬೇಕು, ಕೇಂದ್ರ ಒಪ್ಪಬೇಕು. ಕ್ಷಯರೋಗಿಗಳ ಹೆಸರು ಪುಸ್ತಕದಲ್ಲಿದೆ. ಆದಕಾರಣ ಅವರಿಗೆ ಮಾತ್ರೆ ಬರುತ್ತದೆ. ಅಜ್ಜಿಗೆ ಅರಳುಮರಳು ಎಂದು ಮನೆಯವರೂ ಹೇಳಿ, ಹಳ್ಳಿಗೆ ಬಂದ ಆರೋಗ್ಯ ಕಾರ್ಯಕರ್ತೆಯೂ ಅದನ್ನೇ ನಂಬಿ ಹೋದರೆ ಅಜ್ಜಿಯ ಹೆಸರು ಯಾವ ಪುಸ್ತಕದಲ್ಲಿಯೂ ಬರುವುದಿಲ್ಲ. ಒಂದು ಗಾದೆಯ ಮಾತು ಹೀಗೆ ಬೊಕ್ಕಸದ ಬಾಗಿಲಿಗೆ ಅಗುಳಿ ಹಾಕಬಲ್ಲದು.

ಮನೋರೋಗಿಗಳ ಆರೈಕೆಯನ್ನು ದೊಡ್ಡ ಆಸ್ಪತ್ರೆಯ ಗೋಡೆಗಳಿಂದ ಹೊರಗೆ ತಂದ ಕೀರ್ತಿಯಲ್ಲಿ ಚಿತ್ರದುರ್ಗದ ನೆರೆಯ ಬಳ್ಳಾರಿಗೆ ದೊಡ್ಡ ಪಾಲು ಸಲ್ಲುತ್ತದೆ. 1982ರಲ್ಲಿ ಭಾರತ ಸರ್ಕಾರ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನು ಆರಂಭಿಸಿತು. ಅದನ್ನು ಹಳ್ಳಿಗಳಲ್ಲಿ ನಡೆಸುವುದು ಹೇಗೆಂಬುದನ್ನು ತೋರಿಸಲು ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 1985ರ ಸುಮಾರಿನಲ್ಲಿ ಬಳ್ಳಾರಿ ಜಿಲ್ಲೆಯನ್ನು ಆರಿಸಿಕೊಂಡಿತು. ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿ ಕೊಡಲಾಯಿತು. ಅತ್ಯಾವಶ್ಯಕವಾದ ಕೆಲವೇ ಔಷಧಗಳನ್ನು ಕೇಂದ್ರಗಳಲ್ಲಿ ಇರಿಸಲಾಯಿತು. ಕೆಲಸದ ಪರಿಶೀಲನೆ ಕಾಲಕಾಲಕ್ಕೆ ನಡೆಯಿತು. ತಜ್ಞನಿಲ್ಲದ ಊರಿನಲ್ಲಿಯೂ ಮನೋರೋಗಿಗೆ ನೆರವಾಗಬಹುದೆಂದು ಸಿದ್ಧವಾಯಿತು. 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಳ್ಳಾರಿಯ ಮಾದರಿಯನ್ನೇ ಅನುಸರಿಸಿತು. ಇಡೀ ದೇಶ ಅನುಸರಿಸಿದ ಕ್ರಮವೊಂದು ಬಿಸಿಲು ಸೀಮೆಯ ಜಿಲ್ಲೆಯಲ್ಲಿ ರೂಪುಗೊಂಡಿತೆಂಬುದನ್ನು ಈ ಭಾಗದ ಜನರೇ ಅಷ್ಟಾಗಿ ಅರಿಯರು.

2014ರಲ್ಲಿ ಕರ್ನಾಟಕ ಸರ್ಕಾರ ಮನೋಚೈತನ್ಯವೆಂಬ ಯೋಜನೆಯನ್ನು ತಂದಿತು. ಮಂಗಳವಾರಗಳಂದು ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗಳಿಗೇ ಬಂದು ರೋಗಿಗಳನ್ನು ನೋಡಬೇಕೆಂಬುದು ಅದರ ಉದ್ದೇಶ. ಹಿರಿಯೂರಿನಿಂದ ಚಿತ್ರದುರ್ಗಕ್ಕೆ ಸುಮಾರು 40 ಕಿಲೋಮೀಟರು. ಹೊಸದುರ್ಗದಿಂದ ಇನ್ನೂ ಹೆಚ್ಚು. ಹೊರಗಿನ ಗದ್ದಲಕ್ಕೆ ಹೆದರುವ, ಬಸ್ಸಿನಲ್ಲಿ ಎದ್ದು ಇಳಿಯಲು ಹವಣಿಸುವ ಮುದುಕರನ್ನು ಅಷ್ಟು ದೂರ ಕರೆದೊಯ್ಯುವ ಕಷ್ಟ ಕರೆದೊಯ್ದವರಿಗೇ ಗೊತ್ತು. 2023ರ ಜೂನ್ ತಿಂಗಳಿನಿಂದ ಸರ್ಕಾರಿ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟಿನ ಹಣವಿಲ್ಲವೆಂಬುದು ನಿಜ. ಆದರೆ ಖಾಸಗಿ ಬಸ್ಸೇ ಗತಿಯಾದ ಹಳ್ಳಿಗಳಿಗೆ ಆ ಅನುಕೂಲವಿಲ್ಲ, ಹೋದ ದಿನದ ಕೂಲಿಯನ್ನು ಯಾವ ಬಸ್ಸೂ ಮರಳಿ ಕೊಡುವುದಿಲ್ಲ. ಆದ್ದರಿಂದ ತಾಲ್ಲೂಕಿಗೆ ಬರುವ ವೈದ್ಯರ ಬೆಲೆ ದೊಡ್ಡದು. ಕೊರತೆಯೆಂದರೆ, ಒಂದು ಬೆಳಗಿನಲ್ಲಿ ಎಲ್ಲ ಬಗೆಯ ಮನೋರೋಗಿಗಳನ್ನೂ ನೋಡಬೇಕಾದ ವೈದ್ಯರಿಗೆ ಸೊಸೆಯ ಮಾತನ್ನು ಅರ್ಧ ಗಂಟೆ ಕುಳಿತು ಕೇಳುವ ಬಿಡುವು ಎಲ್ಲಿಂದ ಬರಬೇಕು?

2010–11ರಲ್ಲಿ ಆರಂಭವಾದ ಹಿರಿಯರ ಆರೋಗ್ಯದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಜಿಲ್ಲಾ ಆಸ್ಪತ್ರೆಯಲ್ಲಿ ವೃದ್ಧರಿಗಾಗಿ ಹತ್ತು ಹಾಸಿಗೆಯ ವಾರ್ಡು, ಹಾಸಿಗೆ ಹಿಡಿದವರ ಮನೆಗೆ ಕಾರ್ಯಕರ್ತರ ಭೇಟಿ, ಮನೆಯವರಿಗೆ ಆರೈಕೆಯ ಶಿಕ್ಷಣ ಇವೆಲ್ಲ ಸೇರಿವೆ. ಮುಂದೆ 2022ರಲ್ಲಿ ಕರ್ನಾಟಕ ಸರ್ಕಾರವು ನಿಮ್ಹಾನ್ಸ್ ಹಾಗೂ ನೀತಿ ಆಯೋಗದೊಡನೆ ಸೇರಿ ಮೆದುಳಿನ ಆರೋಗ್ಯಕ್ಕಾಗಿಯೇ ಒಂದು ಕಾರ್ಯಕ್ರಮವನ್ನು ಬೆಂಗಳೂರು, ಕೋಲಾರ, ಚಿಕ್ಕಬಳ್ಳಾಪುರಗಳಲ್ಲಿ ಪರೀಕ್ಷಾರ್ಥವಾಗಿ ಆರಂಭಿಸಿತು. ಮೂರ್ಛೆರೋಗ, ಪಾರ್ಶ್ವವಾಯು, ತಲೆನೋವುಗಳ ಜೊತೆಗೆ ಮರೆಗುಳಿ ರೋಗವೂ ಅದರ ವ್ಯಾಪ್ತಿಗೆ ಬಂದಿತು. 2024ರಲ್ಲಿ ಇದನ್ನು ಉಳಿದ ಜಿಲ್ಲೆಗಳಿಗೂ ವಿಸ್ತರಿಸಿ, ಜಿಲ್ಲಾ ಆಸ್ಪತ್ರೆಗಳಲ್ಲಿ ಮೆದುಳು ಆರೋಗ್ಯ ಚಿಕಿತ್ಸಾಲಯಗಳನ್ನು ತೆರೆಯುವ ಕೆಲಸ ನಡೆಯಿತು. ಕೋಲಾರ ಜಿಲ್ಲೆಯ ಶ್ರೀನಿವಾಸಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಮೆದುಳು ಸಂಶೋಧನಾ ಕೇಂದ್ರವು 45 ದಾಟಿದ ಸಾವಿರಾರು ಹಳ್ಳಿಗರ ನೆನಪಿನ ಶಕ್ತಿಯನ್ನು ವರ್ಷಗಳ ಕಾಲ ಪರೀಕ್ಷಿಸುವ ಅಧ್ಯಯನವನ್ನೂ ಕೈಗೊಂಡಿದೆ.

ಇಷ್ಟೆಲ್ಲ ಹಣ ಆಸ್ಪತ್ರೆಯವರೆಗೆ ಬರುತ್ತದೆ. ಆಸ್ಪತ್ರೆಯಿಂದ ಅಡಿಕೆ ತೋಟದ ಮನೆಯವರೆಗೆ ಬರುವ ಹಣವೆಷ್ಟು? ಅರವತ್ತೈದು ದಾಟಿದ ಬಡವರಿಗೆ ಸಂಧ್ಯಾ ಸುರಕ್ಷಾ ಯೋಜನೆಯಡಿ 2021ರಿಂದ ತಿಂಗಳಿಗೆ 1,200 ರೂಪಾಯಿ ನಿಗದಿಯಾಯಿತು. ಅದು ಮುಪ್ಪಿಗೆ ಕೊಡುವ ಹಣ. ರೋಗಕ್ಕಲ್ಲ, ಆರೈಕೆಗಂತೂ ಅಲ್ಲ. ಹಿರಿಯರ ಸೇವೆಗೆಂದು ಕೇಂದ್ರ ಸರ್ಕಾರ ಸ್ವಯಂಸೇವಾ ಸಂಸ್ಥೆಗಳಿಗೆ ಕೊಡುವ ಅನುದಾನದಲ್ಲಿ ಮರೆಗುಳಿ ರೋಗಿಗಳ ನಿವಾಸಕ್ಕೂ ಅವಕಾಶವುಂಟು. ಆದರೆ ಒಂದೆಡೆ ಇಪ್ಪತ್ತು ಮಂದಿಯಾದರೂ ಇರಬೇಕೆಂಬ ನಿಯಮವಿದೆ. ದೊಡ್ಡ ನಗರದಲ್ಲಿ ಇದು ಸಾಧ್ಯ. ಬೆಂಗಳೂರಿನಲ್ಲಿ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ಎಂಬ ಸಂಸ್ಥೆ ಇಂಥ ರೋಗಿಗಳಿಗಾಗಿಯೇ ಕೇಂದ್ರವನ್ನು ನಡೆಸುತ್ತ ಬಂದಿದೆ. ಹತ್ತು ಹಳ್ಳಿಗಳಲ್ಲಿ ಚದುರಿಹೋದ ಇಪ್ಪತ್ತು ಮುದುಕರನ್ನು ಒಂದೇ ಛಾವಣಿಯಡಿ ತಂದಿರಿಸುವುದು ಹೊಸದುರ್ಗದಂಥ ತಾಲ್ಲೂಕಿನಲ್ಲಿ ಸುಲಭವಲ್ಲ. ತಂದಿರಿಸಿದರೂ ಅದು ಒಳಿತೇ ಎಂಬುದು ಬೇರೆ ಮಾತು. ಪರಿಚಿತವಾದ ಜಗಲಿ, ಕೊಟ್ಟಿಗೆಯ ದನ, ಅಂಗಳದ ತುಳಸಿಕಟ್ಟೆ ಇವು ನೆನಪು ಕುಂದಿದವರಿಗೆ ಊರುಗೋಲುಗಳು.

ಹಾಗಾದರೆ ಆರೈಕೆ ಮಾಡುವವರ ಕೈಗೇ ಹಣ ಕೊಡಬಾರದೆ? ಕಾನೂನು ಇದಕ್ಕೆ ವಿರೋಧವಾಗಿಲ್ಲ. 2016ರ ಅಂಗವಿಕಲರ ಹಕ್ಕುಗಳ ಅಧಿನಿಯಮವು ಹೆಚ್ಚಿನ ನೆರವು ಬೇಕಾದವರಿಗೆ ಆರೈಕೆದಾರರ ಭತ್ಯೆಯನ್ನು ಹೆಸರಿಸಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಅಧಿನಿಯಮವು ನೆನಪಿನ ಶಕ್ತಿಯನ್ನು ತೀವ್ರವಾಗಿ ಕೆಡಿಸುವ ರೋಗವನ್ನೂ ಮನೋರೋಗದಲ್ಲಿ ಸೇರಿಸಿ, ರೋಗಿಯ ಕುಟುಂಬಕ್ಕೆ ಬೆಂಬಲ ಕೊಡುವುದನ್ನು ಸರ್ಕಾರದ ಕರ್ತವ್ಯಗಳಲ್ಲಿ ಎಣಿಸಿದೆ. ನೆರೆಯ ಕೇರಳ 2010ರಲ್ಲಿಯೇ ಆಶ್ವಾಸಕಿರಣಂ ಎಂಬ ಯೋಜನೆಯನ್ನು ತಂದು, ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವವರಿಗೆ ಮಾಸಿಕ ಧನಸಹಾಯವನ್ನು ಏರ್ಪಡಿಸಿತು. ಅದು ಬಹುಕಾಲ 600 ರೂಪಾಯಿಯಾಗಿತ್ತು. ಕರ್ನಾಟಕದ 2024–25ರ ಮುಂಗಡಪತ್ರದಲ್ಲಿಯೂ ತಿಂಗಳಿಗೆ 1,000 ರೂಪಾಯಿಯ ಆರೈಕೆದಾರರ ಪ್ರೋತ್ಸಾಹಧನದ ಘೋಷಣೆ ಬಂದಿತು. ಆದರೆ ಅದರಲ್ಲಿ ಹೆಸರಿಸಿದ್ದು ಪಾರ್ಕಿನ್ಸನ್ ಮೊದಲಾದ ನಾಲ್ಕು ಕಾಯಿಲೆಗಳನ್ನು. ಮರೆಗುಳಿ ರೋಗ ಆ ನಾಲ್ಕರಲ್ಲಿ ಇರಲಿಲ್ಲ. ಕೈನಡುಗುವ ಅಜ್ಜನನ್ನು ಹಿಡಿದು ನಡೆಸುವ ಕೈಗೆ ಬೆಲೆಯುಂಟು. ದಾರಿ ಮರೆತ ಅಜ್ಜಿಯನ್ನು ಹುಡುಕಿ ತರುವ ಕೈಗೆ ಇಲ್ಲ. ಈ ಭೇದಕ್ಕೆ ನ್ಯಾಯವಾದ ಕಾರಣವನ್ನು ಹುಡುಕುವುದು ಕಷ್ಟ.

ಹೆತ್ತವರನ್ನು ನೋಡಿಕೊಳ್ಳುವುದು ಮಕ್ಕಳ ಧರ್ಮವಲ್ಲವೆ, ಅದಕ್ಕೆ ಸರ್ಕಾರದ ಹಣವೇಕೆ ಎಂದು ಕೇಳುವವರುಂಟು. ಪ್ರಶ್ನೆ ತಳ್ಳಿಹಾಕುವಂಥದಲ್ಲ. 2007ರ ಕಾನೂನು ತಂದೆತಾಯಿಗಳ ಪೋಷಣೆಯನ್ನು ಮಕ್ಕಳ ಹೊಣೆಯೆಂದೇ ಸಾರಿದೆ. ಆದರೆ ಆರು ಮಂದಿ ಸೊಸೆಯರಿದ್ದ ಮನೆಯಲ್ಲಿ ಹಂಚಿಹೋಗುತ್ತಿದ್ದ ಕೆಲಸ ಇಂದು ಒಬ್ಬಳ ಮೇಲೆ ಬಿದ್ದಿದೆ; ಉಳಿದವರು ಬೆಂಗಳೂರಿನಲ್ಲಿದ್ದಾರೆ. ಹಣ ಬಂದೊಡನೆ ಮಕ್ಕಳ ಪ್ರೀತಿ ಬತ್ತಿಹೋಗುತ್ತದೆಂದು ಭಯಪಡಬೇಕಾಗಿಲ್ಲ. ಕೆರೆಯ ಹೂಳೆತ್ತಲು ಸರ್ಕಾರ ಹಣ ಕೊಟ್ಟಮಾತ್ರಕ್ಕೆ ರೈತ ಉಳುವುದನ್ನು ಬಿಡಲಿಲ್ಲ.

ಹಣಕ್ಕಿಂತಲೂ ಮೊದಲು ಮಾತು ಬೇಕೆಂಬುದನ್ನು ಗೋವೆಯಲ್ಲಿ ನಡೆದು 2008ರಲ್ಲಿ ಪ್ರಕಟವಾದ ಪ್ರಯೋಗವೊಂದು ತೋರಿಸಿತು. ಅಲ್ಲಿನ ಎರಡು ತಾಲ್ಲೂಕುಗಳ 81 ಕುಟುಂಬಗಳನ್ನು ಆರಿಸಿ, ಅರ್ಧದಷ್ಟು ಮನೆಗಳಿಗೆ ಆರು ತಿಂಗಳ ಕಾಲ ಸಲಹೆಗಾರರನ್ನು ಕಳುಹಿಸಲಾಯಿತು. ಆ ಸಲಹೆಗಾರರು ವೈದ್ಯರಲ್ಲ, ದಾದಿಯರೂ ಅಲ್ಲ. ಶಾಲಾ ಶಿಕ್ಷಣ ಮುಗಿಸಿದ ಸ್ಥಳೀಯರು. ಅಲ್ಪಕಾಲದ ತರಬೇತಿ ಪಡೆದು, ಹಿರಿಯ ತಜ್ಞರ ಮೇಲ್ವಿಚಾರಣೆಯಲ್ಲಿ ಮನೆಗೆ ಹೋಗಿ ಕೂರುತ್ತಿದ್ದರು. ಇದು ರೋಗ, ಹಟವಲ್ಲ ಎಂದು ಮನೆಯವರಿಗೆ ತಿಳಿಸುತ್ತಿದ್ದರು. ಸ್ನಾನಕ್ಕೆ ಒಲ್ಲೆನೆಂದವರೊಡನೆ ವಾದಿಸದೆ ಸ್ವಲ್ಪ ಹೊತ್ತು ಬಿಟ್ಟು ಕರೆಯುವಂಥ ಉಪಾಯಗಳನ್ನು ಹೇಳಿಕೊಡುತ್ತಿದ್ದರು. ಸರ್ಕಾರದ ಸವಲತ್ತುಗಳನ್ನು ಪಡೆಯುವ ದಾರಿ ತೋರಿಸುತ್ತಿದ್ದರು. ಆರು ತಿಂಗಳ ತರುವಾಯ ನೋಡಲಾಗಿ, ಸಲಹೆ ಪಡೆದ ಮನೆಗಳಲ್ಲಿ ಆರೈಕೆ ಮಾಡುವವರ ಮನಸ್ಸಿನ ಸಂಕಟ ಗಮನಾರ್ಹವಾಗಿ ಇಳಿದಿತ್ತು. ಚಿತ್ರದುರ್ಗ ಜಿಲ್ಲೆಯ ಹಳ್ಳಿಗಳಲ್ಲಿ ಆಶಾ ಕಾರ್ಯಕರ್ತೆಯರಿದ್ದಾರೆ. ಬಸುರಿ ಬಾಣಂತಿಯರ ಮನೆಯ ದಾರಿ ಅವರಿಗೆ ಗೊತ್ತು. ಅದೇ ಬೀದಿಯ ಅಜ್ಜಿಯ ಮನೆಗೂ ಅವರು ಹೋಗಬೇಕಾದರೆ ತರಬೇತಿಯೂ ಬೇಕು, ಆ ಕೆಲಸಕ್ಕೆ ಪ್ರತ್ಯೇಕ ಗೌರವಧನವೂ ಬೇಕು. ಅದಿಲ್ಲದೆ ಈಗಾಗಲೇ ಬಾಗಿದ ಬೆನ್ನಿನ ಮೇಲೆ ಮತ್ತೊಂದು ಮೂಟೆ ಹೇರಿದಂತಾಗುತ್ತದೆ.

ರೋಗ ಬರದಂತೆ ತಡೆಯುವುದರ ವಿಷಯವಾಗಿ ವಿಜ್ಞಾನಿಗಳು 2024ರಲ್ಲಿ ಹದಿನಾಲ್ಕು ಕಾರಣಗಳನ್ನು ಗುರುತಿಸಿದರು. ಅವೆಲ್ಲವನ್ನೂ ನಿವಾರಿಸಲು ಸಾಧ್ಯವಾದರೆ ನೂರರಲ್ಲಿ ಸುಮಾರು ನಲವತ್ತೈದು ಪ್ರಸಂಗಗಳನ್ನು ತಪ್ಪಿಸಬಹುದು ಅಥವಾ ಮುಂದೂಡಬಹುದೆಂಬುದು ಅವರ ಎಣಿಕೆ. ರಕ್ತದ ಒತ್ತಡ, ಸಕ್ಕರೆ ಕಾಯಿಲೆ, ಧೂಮಪಾನ, ಕಿವುಡು ಇವು ಆ ಪಟ್ಟಿಯಲ್ಲಿವೆ. ಎಳವೆಯಲ್ಲಿ ಶಾಲೆಯ ಶಿಕ್ಷಣ ಸಾಲದಿರುವುದೂ ಅದರಲ್ಲಿದೆ. ಅಜ್ಜಿಯನ್ನು ಕಾಯಲು ಶಾಲೆ ಬಿಟ್ಟ ಹುಡುಗಿಯ ಸಂಗತಿಯನ್ನು ಇಲ್ಲಿ ಮತ್ತೊಮ್ಮೆ ನೆನೆಯಬೇಕಾಗುತ್ತದೆ.

ಇಂಥ ಮನೆಗಳಿಗೆ ಸದ್ಯಕ್ಕೆ ಹಣವಿಲ್ಲದೆ ದೊರೆಯುವ ನೆರವುಗಳಲ್ಲಿ ದೂರವಾಣಿ ಒಂದು. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸೇವೆಯ ಸಂಖ್ಯೆ 14416. ಅಲ್ಲಿ ಹಗಲಿರುಳೂ ಕನ್ನಡದಲ್ಲಿ ಮಾತನಾಡಬಹುದು. ಹಿರಿಯ ನಾಗರಿಕರ ಸಹಾಯವಾಣಿಯ ಸಂಖ್ಯೆ 14567. ಕರೆ ಮಾಡುವವರು ರೋಗಿಯೇ ಆಗಿರಬೇಕೆಂದಿಲ್ಲ. ಅತ್ತೆ ಮಲಗಿದ ಮೇಲೆ ಸೊಸೆಯೂ ಕರೆ ಮಾಡಬಹುದು.